ಹಗಲೆಲ್ಲ ಒಂಟಿ, ರಾತ್ರಿಯೆಲ್ಲ ನಿದ್ದೆಗೇಡು

ಪ್ರಶ್ನೆ: ವಿಜಯನಗರದಲ್ಲಿ ಅಮ್ಮನ ಜೊತೆ ಇದ್ದೇನೆ. 3 ವರ್ಷದ ಗಂಡು ಕಾಕಟೀಲ್ (ಜುಟ್ಟಿರುವ ಪುಟ್ಟ ಗಿಳಿ) ಸಾಕಿದ್ದೇನೆ, ಹೆಸರು ಚಿನ್ನು. ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ದಿನವಿಡೀ ನನ್ನ ಹೆಗಲ ಮೇಲಿರುತ್ತಿತ್ತು. ಈಗ ವಾರಕ್ಕೆ 4 ದಿನ ವೈಟ್‌ಫೀಲ್ಡ್ ಆಫೀಸು. ಬೆಳಿಗ್ಗೆ 8ಕ್ಕೆ ಮೆಟ್ರೊ ಹಿಡಿದರೆ ಮನೆ ಸೇರುವಾಗ ರಾತ್ರಿ 8. ಹಗಲೆಲ್ಲ ಕಿರುಚುತ್ತದಂತೆ, ಎದೆಯ ಪುಕ್ಕ ಕಿತ್ತುಕೊಳ್ಳುತ್ತಿದೆ. ಪಾಪ ಅನಿಸಿ ರಾತ್ರಿ 11.30ರವರೆಗೂ ಆಡಿಸುತ್ತೇನೆ. ಅಮ್ಮನಿಗೆ ಮುಟ್ಟಲು ಭಯ, ಯಾರಿಗಾದರೂ ಕೊಟ್ಟುಬಿಡು ಅನ್ನುತ್ತಾರೆ. ಅಂಗಡಿಯವರು ಜೋಡಿ ತನ್ನಿ ಅಂದರು. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಕೊಡುವುದೂ ಬೇಡ, ಜೋಡಿ ತರುವುದೂ ಬೇಡ. ಮೊದಲು ಆ ರಾತ್ರಿಯ ಆಟ ನಿಲ್ಲಿಸಿ. ಅದರ ಹಿಂದಿನ ಅಕ್ಕರೆ ನಮಗೆ ಅರ್ಥವಾಗುತ್ತದೆ, ಆದರೆ ಕಾಕಟೀಲ್‌ಗೆ ದಿನಕ್ಕೆ 10ರಿಂದ 12 ಗಂಟೆ ಕತ್ತಲಿನ, ಸದ್ದಿಲ್ಲದ ನಿದ್ದೆ ಬೇಕು. 11.30ಕ್ಕೆ ಮಲಗಿ ಬೆಳಗಿನ ಕುಕ್ಕರ್ ಸದ್ದಿಗೆ ಎದ್ದರೆ ಅದಕ್ಕೆ 7 ಗಂಟೆಯೂ ದಕ್ಕುವುದಿಲ್ಲ. ನಿದ್ದೆಗೆಟ್ಟ ಹಕ್ಕಿ ಸಿಡುಕುತ್ತದೆ, ಕಿರುಚುತ್ತದೆ, ಪುಕ್ಕಕ್ಕೆ ಬಾಯಿ ಹಾಕುತ್ತದೆ.

ಆದರೂ ಪುಕ್ಕದ ವಿಷಯವನ್ನು ಬೇಸರದ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ಹೊಟ್ಟೆಯ ಪರಾವಲಂಬಿ ಜೀವಿ, ಚರ್ಮದ ಸೋಂಕು, ಬರೀ ಕಾಳು ತಿಂದು ಬರುವ ಪೋಷಕಾಂಶದ ಕೊರತೆ, ಯಾವುದೂ ಕಾರಣವಾಗಿರಬಹುದು. ತಲೆಯನ್ನು ಗಮನಿಸಿ: ತನ್ನ ಕೊಕ್ಕು ತನ್ನ ತಲೆಗೆ ಎಟುಕದು. ಎದೆ ಬೋಳಾಗಿ ತಲೆಯ ಪುಕ್ಕ ಹಾಗೇ ಉಳಿದಿದ್ದರೆ ಅದೇ ಕಿತ್ತುಕೊಳ್ಳುತ್ತಿದೆ. ತಲೆಯಲ್ಲೂ ಹೊಸದಾಗಿ ಉದುರಿದ್ದರೆ ಬೇರೆ ಕಾಯಿಲೆಯ ಗುಮಾನಿ. ಈ ವಾರವೇ ಹಕ್ಕಿಗಳನ್ನು ನೋಡುವ ಪಶುವೈದ್ಯರ ಬಳಿ ಹೋಗಿ, ಹೋಗುವಾಗ ಅದೇ ದಿನದ ಹಿಕ್ಕೆ ತೆಗೆದುಕೊಂಡು ಹೋಗಿ.

ಇನ್ನು ದಿನಚರಿ. ನಿಮ್ಮಿಬ್ಬರ ಹೊತ್ತನ್ನು ಬೆಳಿಗ್ಗೆಗೆ ತನ್ನಿ. 6.30ಕ್ಕೆ ಪಂಜರದ ಬಟ್ಟೆ ತೆಗೆದು ಚಿನ್ನುವನ್ನು ಹೊರಗೆ ಬಿಡಿ, 7.30ರವರೆಗೆ ಜೊತೆಗಿರಿ. ಹಿಂಡಿನ ಹಕ್ಕಿಗಳು ಒಟ್ಟಿಗೆ ಮೇಯುತ್ತವೆ, ಹಾಗಾಗಿ ನಿಮ್ಮ ತಿಂಡಿ ಮತ್ತು ಅದರ ತಿಂಡಿ ಒಂದೇ ಹೊತ್ತಿಗೆ ಆಗಲಿ. ವಾರಕ್ಕೆ ಎರಡು ಮೂರು ಸಲ ಉಗುರುಬೆಚ್ಚಗಿನ ನೀರು ತುಂತುರು ಹೊಡೆಯಿರಿ. ಹಕ್ಕಿ ಪಂಜರದ ಹೊರಗಿರುವಾಗ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಹೆಚ್ಚು ಕಾದ ನಾನ್‌ಸ್ಟಿಕ್ ತವಾದ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು, ಊದುಬತ್ತಿ, ಸೊಳ್ಳೆ ಬತ್ತಿಯ ಹೊಗೆಯೂ ಅದರ ಶ್ವಾಸಕ್ಕೆ ಆಗದು. ರಾತ್ರಿ ಬಂದ ಮೇಲೆ ಅರ್ಧ ಗಂಟೆ ಮೆಲುಮಾತು, ತಲೆ ಕತ್ತು ಸವರುವುದು ಸಾಕು (ಬೆನ್ನು ಸವರಬೇಡಿ, ಅದು ಬೆದೆ ಕೆರಳಿಸುತ್ತದೆ). 8.30ಕ್ಕೆ ಮೂರು ಕಡೆ ಬಟ್ಟೆ, ಮಂದ ಬೆಳಕಿನ ಒಂದು ಬಲ್ಬು. ಪೂರ್ತಿ ಕತ್ತಲಲ್ಲಿ ಕಾಕಟೀಲ್ ಬೆಚ್ಚಿಬಿದ್ದು ರೆಕ್ಕೆ ಬಡಿದು ಗಾಯ ಮಾಡಿಕೊಳ್ಳುವುದುಂಟು. ಶನಿವಾರ, ಭಾನುವಾರವೂ ಇದೇ ಹೊತ್ತು. ರಜೆಯಲ್ಲಿ ದಿನವಿಡೀ ಹೆಗಲ ಮೇಲೆ ಕೂರಿಸಿಕೊಂಡರೆ ಸೋಮವಾರ ಅದಕ್ಕೆ ಮತ್ತೆ ಸಂಕಟ.

ಆಸ್ಟ್ರೇಲಿಯಾದ ಬಯಲುಗಳಲ್ಲಿ ಹಿಂಡಿನಲ್ಲಿ ಬದುಕುವ ಜಾತಿ ಇದು. ಕಣ್ಣಿಗೆ ಕಾಣದ ಜೊತೆಗಾರನನ್ನು ‘ಎಲ್ಲಿದ್ದೀಯ?’ ಎಂದು ಕೂಗುತ್ತದೆ, ಉತ್ತರ ಬಾರದಿದ್ದರೆ ದನಿ ಏರುತ್ತದೆ. ಎರಡು ಸ್ವರದ ಒಂದು ಸಿಳ್ಳೆ ಗೊತ್ತುಮಾಡಿಕೊಳ್ಳಿ. ಅದು ಮೆಲ್ಲಗೆ ಕರೆದಾಗ ಯಾವ ಕೋಣೆಯಲ್ಲಿದ್ದರೂ ತಕ್ಷಣ ಸಿಳ್ಳೆಯಲ್ಲಿ ಉತ್ತರ ಕೊಡಿ. ಕಿರುಚುವಾಗ ಓಡಿ ಹೋಗಬೇಡಿ, ಗದರಲೂ ಬೇಡಿ. ಐದಾರು ಸೆಕೆಂಡ್ ಸುಮ್ಮನಾದ ಮೇಲೆ ಸಿಳ್ಳೆ ಹಾಕಿ. ಮೊದಲ ವಾರ ಕಿರುಚಾಟ ಹೆಚ್ಚಬಹುದು. ಆಗ ಸೋತು ಓಡಿದರೆ ಇನ್ನೂ ಜೋರಾಗಿ ಕೂಗಬೇಕು ಎಂಬುದನ್ನು ನೀವೇ ಕಲಿಸಿದಂತೆ.

ನೀವಿಲ್ಲದ ಹೊತ್ತಿಗೆ ಕೊಕ್ಕಿಗೆ ಕೆಲಸ ಬೇಕು. ದುಬಾರಿ ಆಟಿಕೆ ಬೇಡ, ಬಳಸದ ಅಡಿಕೆ ಹಾಳೆಯ ತಟ್ಟೆ ಒಂದಿದ್ದರೆ ಸಾಕು. ಅಂಗೈಯಗಲದ ತುಂಡು ಕತ್ತರಿಸಿ, ನೀರಲ್ಲಿ ನೆನೆಸಿ ಮಡಚಿ, ಹತ್ತು ಹನ್ನೆರಡು ನವಣೆ ಕಾಳು ಮಡಿಕೆಯಲ್ಲಿ ಇಟ್ಟು ಸರಳಿನ ನಡುವೆ ಸಿಕ್ಕಿಸಿ. ಹಕ್ಕಿ ಅಂಚನ್ನು ಕಚ್ಚಿ, ನಾಲಿಗೆಯಿಂದ ತಡವಿ, ಎಳೆಯ ಗುಂಟ ಚರಚರನೆ ಸೀಳುತ್ತಾ ಹೋಗುತ್ತದೆ. ಕಾಳು ಸಿಕ್ಕಿದ ಮೇಲೂ ಸೀಳುವುದನ್ನು ಬಿಡುವುದಿಲ್ಲ. ಮೊದಲ ಕೆಲವು ದಿನ ಮಡಿಕೆ ಅರ್ಧ ತೆರೆದಿಟ್ಟು ನಿಮ್ಮೆದುರೇ ಕಲಿಸಿ. ಮುಸುಕಿನ ಜೋಳದ ಸಿಪ್ಪೆಯೂ ಆದೀತು, ಒಂದು ಕಂತೆ ಕೊತ್ತಂಬರಿಯನ್ನೋ ನುಗ್ಗೆ ಸೊಪ್ಪನ್ನೋ ನೇತುಹಾಕಬಹುದು. ತೆಂಗಿನ ನಾರಿನ ಹಗ್ಗ ಬೇಡ, ಎಳೆ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಓಡುವುದು ನಿಲ್ಲುತ್ತದೆ. ಕನ್ನಡಿ ಇದ್ದರೆ ತೆಗೆದುಬಿಡಿ. ಗಂಡು ಕಾಕಟೀಲ್ ಕನ್ನಡಿಯ ಹಕ್ಕಿಗೆ ಅಂಟಿಕೊಂಡು ಮನುಷ್ಯರ ಮೇಲೆ ಮುನಿಯುವುದುಂಟು. ಬಟ್ಟಲಿನ ಕಾಳನ್ನು ಒಮ್ಮೆಲೇ ಕಡಿಮೆ ಮಾಡಬೇಡಿ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ, ತಿನ್ನುವ ಮುಂಚೆ ತೂಗಿ. ಈ ಜಾತಿ ಸಾಮಾನ್ಯವಾಗಿ 80ರಿಂದ 100 ಗ್ರಾಂ ಇರುತ್ತದೆ. ಮಾಮೂಲಿ ತೂಕದಲ್ಲಿ ಹತ್ತರಲ್ಲೊಂದು ಪಾಲು ಇಳಿದರೆ ಅದೇ ದಿನ ವೈದ್ಯರು.

ಜೋಡಿ ತರುವ ಮಾತನ್ನು ಮೂರು ತಿಂಗಳು ಮುಂದೂಡಿ. ಅವೆರಡೂ ಹೊಂದಿಕೊಂಡೇ ಬಿಡುತ್ತವೆ ಎಂದು ಅಂಗಡಿಯವರು ಭರವಸೆ ಕೊಡಲಾರರು. ಹೆಣ್ಣಾದರೆ ಮೊಟ್ಟೆಯ ಸರಣಿ ಬೇರೆ. ಮುಂದೆ ತಂದರೂ ಇನ್ನೊಂದು ಗಂಡು ಕಾಕಟೀಲನ್ನೇ ತನ್ನಿ, ಲವ್‌ಬರ್ಡ್ ಬೇಡವೇ ಬೇಡ, ಅದು ಕಾಕಟೀಲಿನ ಬೆರಳು ಕಚ್ಚುತ್ತದೆ. ಮೊದಲ 45 ದಿನ ಬೇರೆ ಕೋಣೆ, ಬೇರೆ ಪಂಜರ. ಇಷ್ಟೆಲ್ಲ ಮಾಡಿಯೂ ಪುಕ್ಕ ಬಾರದೆ, ನಿಮ್ಮ ಕೆಲಸದ ಹೊತ್ತೂ ಬದಲಾಗದಿದ್ದರೆ ಹಗಲು ಜನರಿರುವ, ಕಾಕಟೀಲ್ ಸಾಕಿ ಗೊತ್ತಿರುವ ಮನೆಗೆ ಕೊಡುವುದರಲ್ಲಿ ತಪ್ಪಿಲ್ಲ. ಇದು 15–20 ವರ್ಷ ಬದುಕುವ ಜೀವ. ಆದರೆ ಹೊರಗೆ ಹಾರಿಬಿಡುವ ಯೋಚನೆ ಯಾರೇ ಹೇಳಿದರೂ ಬೇಡ. ಮೇವು ಹುಡುಕಲು ತಿಳಿಯದು, ಕಾಗೆಗಳೂ ಬಿಡವು.

ಉಳಿದವರು ಅಮ್ಮ. ಜೊತೆಗಿರಲು ಮುಟ್ಟಲೇಬೇಕಿಲ್ಲ. ಪಂಜರ ಬಾಲ್ಕನಿಯಲ್ಲಿದ್ದರೆ ಹಾಲ್‌ಗೆ ತನ್ನಿ. ಒಂದು ಬದಿ ಗೋಡೆಗಿರಲಿ, ಕೂತವರ ಕಣ್ಣೆತ್ತರದಲ್ಲಿರಲಿ. ಅಮ್ಮ 11 ಗಂಟೆಗೆ ಅಲ್ಲೇ ಕೂತು ಸೊಪ್ಪು ಸೋಸುತ್ತಾ ಅದರ ಹೆಸರು ಹಿಡಿದು ನಾಲ್ಕು ಮಾತಾಡಲಿ. ಸಂಜೆ 4ಕ್ಕೆ ನಿಮ್ಮ ಆ ಸಿಳ್ಳೆ ಹಾಕಿ, ಗೇಣುದ್ದದ ನವಣೆ ತೆನೆಯನ್ನು ಸರಳಿನ ಆಚೆಯಿಂದಲೇ ಹಿಡಿಯಲಿ. ತೆನೆ ಉದ್ದವಿದ್ದಷ್ಟೂ ಕೊಕ್ಕು ಬೆರಳಿಗೆ ದೂರ. ಅಮ್ಮನ ಕೈ ನಡುಗುವುದು ನಿಂತ ಮೇಲೆ ಎರಡು ದಿನಕ್ಕೊಮ್ಮೆ ತೆನೆಯನ್ನು ಒಂದೊಂದು ಬೆರಳಿನಷ್ಟು ಗಿಡ್ಡ ಮಾಡುತ್ತಾ ಬನ್ನಿ.