ಜಮೀನಲ್ಲಿ ಹತ್ತು ಹಂದಿ ಸಾಕೋಕೆ ಏನೇನು ರೂಲ್ಸ್ ಇದೆ?

ಮೊದ್ಲು ಗ್ರಾಮ ಪಂಚಾಯ್ತಿಗೆ ಹೋಗಿ ವಿಚಾರಿಸಿ ಬರವಣಿಗೆಲೇ ಪರ್ಮಿಷನ್ ತಗೊಳಿ, ಯಾಕಂದ್ರೆ ಶೆಡ್ ಕಟ್ಟಾದ್ಮೇಲೆ ಅಕ್ಕಪಕ್ಕದವ್ರು ವಾಸನೆ ಅಂತ ಕಂಪ್ಲೇಂಟ್ ಕೊಟ್ರೆ ನಿಮ್ ಕೈಲಿ ಒಂದು ಕಾಗದ ಇರ್ಬೇಕು. ಮನೆಗಳಿಂದ, ಬಾವಿ ಕೆರೆಯಿಂದ ದೂರ ಕಟ್ಟಿ. ಗಂಜಲ, ನೀರು ನಿಲ್ಲೋ ಹಾಗಿಲ್ಲ, ಸೊಳ್ಳೆ ಜಾಸ್ತಿ ಆದ್ರೆ ಮೆದುಳು ಜ್ವರದ ರಿಸ್ಕ್, ಆ ವೈರಸ್ ಹಂದಿ ಮೈಯಲ್ಲಿ ಬೆಳೆದು ಸೊಳ್ಳೆ ಮೂಲಕ ಮನುಷ್ಯರಿಗೆ ಬರುತ್ತೆ. ಬೀದಿಗಂತೂ ಬಿಡ್ಲೇಬೇಡಿ.

ನಿಜವಾದ ತಲೆನೋವು ರೋಗದ್ದು. ಹಂದಿಗಳಿಗೆ ಬರೋ ಹಂದಿ ಜ್ವರಕ್ಕೆ (ಕ್ಲಾಸಿಕಲ್ ಸ್ವೈನ್ ಫೀವರ್, ಮನುಷ್ಯರಿಗೆ ಬರೋ H1N1 ಅಲ್ಲ) ಲಸಿಕೆ ಇದೆ, ಪಶು ಆಸ್ಪತ್ರೆಲಿ ಕೇಳಿ ಹಾಕಿಸಿ. ಆದ್ರೆ 2020ರಲ್ಲಿ ಅಸ್ಸಾಂ ಕಡೆ ಶುರುವಾದ ಆಫ್ರಿಕನ್ ಹಂದಿ ಜ್ವರ ಬೇರೆ, ಅದಕ್ಕೆ ಚಿಕಿತ್ಸೆ ಇಲ್ಲ, ಮನುಷ್ಯರಿಗೆ ಬರಲ್ಲ ಆದ್ರೆ ಬಂತು ಅಂದ್ರೆ 1 ಕಿ.ಮೀ. ಒಳಗಿನ ಹಂದಿಗಳ್ನೆಲ್ಲ ಕೊಂದು ಹೂಳ್ತಾರೆ, ನಿಮ್ದು ಚೆನ್ನಾಗಿದ್ರೂ ಅಷ್ಟೇ. ಅದಕ್ಕೇ ಹೋಟೆಲ್ ಮುಸುರೆನ ಚೆನ್ನಾಗಿ ಕುದಿಸದೆ ಹಾಕ್ಬೇಡಿ (ಫ್ರೀ ಸಿಗುತ್ತೆ ಅಂತ ಎಲ್ರೂ ಮಾಡೋ ತಪ್ಪು ಇದೇ), ಹೊಸ ಹಂದಿ ತಂದ್ರೆ ಒಂದು ತಿಂಗ್ಳಾದ್ರೂ ಬೇರೆ ಕಟ್ಟಿ, ಒಂದೆರಡು ದಿಢೀರ್ ಸತ್ರೆ ಮುಚ್ಚಿಡದೆ ಪಶು ಡಾಕ್ಟ್ರಿಗೆ ಹೇಳಿ. ಸತ್ತಿದ್ದನ್ನ ಹಳ್ಳಕ್ಕೆ ಎಸೀಬೇಡಿ, ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ.