ನೋವಿನ ಸ್ಪ್ಯಾನಿಶ್‌ಗೆ ಕನ್ನಡವೇ ಹತ್ತಿರದ ದಾರಿ

ಪ್ರಶ್ನೆ: ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಮೊಬೈಲ್ ಆ್ಯಪ್‌ನಲ್ಲಿ ಇಂಗ್ಲಿಷ್ ಮೂಲಕ ಸ್ಪ್ಯಾನಿಶ್ ಕಲಿಯುತ್ತಿದ್ದೇನೆ. ನೋವು, ಗಾಯದ ವಾಕ್ಯ ಬಂದಾಗಲೆಲ್ಲ ತಪ್ಪುತ್ತೇನೆ. ಏನು ಮಾಡಲಿ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಈ ಪಾಠದ ಮಟ್ಟಿಗೆ ಇಂಗ್ಲಿಷ್ ಬದಿಗಿಡಿ. ‘ನನಗೆ ತಲೆ ನೋಯುತ್ತಿದೆ’ ಅನ್ನುತ್ತೇವಲ್ಲ, ಸ್ಪ್ಯಾನಿಶ್ಶಿನದೂ ಅದೇ ಕಟ್ಟು: ‘ಮೆ ದ್ವೆಲೆ ಲಾ ಕಬೇಸಾ’. ‘ಮೆ’ ಅಂದರೆ ನನಗೆ, ‘ದ್ವೆಲೆ’ ನೋಯುತ್ತದೆ, ‘ಕಬೇಸಾ’ ತಲೆ. ‘ನನ್ನ’ ಎಂಬ ‘ಮಿ’ ಬೇಡ, ಇಂಗ್ಲಿಷಿನ ‘ದ’ (the) ಇದ್ದಂತಿರುವ ‘ಲಾ’ ಸಾಕು. ಯಾರ ತಲೆ ಅನ್ನುವುದನ್ನು ‘ಮೆ’ ಆಗಲೇ ಹೇಳಿದೆ. ರೋಗಿಯನ್ನು ಕೇಳುವಾಗ ‘ದೋಂದೆ ಲೆ ದ್ವೆಲೆ?’ – ನಿಮಗೆ ಎಲ್ಲಿ ನೋವು? ಮಗುವಾದರೆ ‘ಲೆ’ ಬದಲು ‘ತೆ’.

ನಾವು ಎಡವುವುದು ಬಹುವಚನದಲ್ಲಿ. ಎರಡೂ ಮಂಡಿ ಹಿಡಿದುಕೊಂಡಿದ್ದರೂ ಬಾಯಲ್ಲಿ ಬರುವುದು ‘ಮಂಡಿ ನೋಯ್ತದೆ’. ಅಲ್ಲಿ ಹಾಗೆ ನಡೆಯದು: ‘ಮೆ ದ್ವೆಲೆನ್ ಲಾಸ್ ರೊದಿಯಾಸ್’. ಆ ‘ನ್’ ಬಿಟ್ಟರೆ ತಪ್ಪು.

ಗಾಯಕ್ಕೆ ನಮ್ಮ ‘ಕೊಳ್ಳು’ ನೆನಪಿಡಿ. ‘ಬೆರಳು ಕೊಯ್ದುಕೊಂಡೆ’ – ‘ಮೆ ಕೊರ್ತೆ ಎಲ್ ದೇದೊ’. ‘ಕೊಂಡೆ’ಯ ಕೆಲಸವನ್ನು ಇಲ್ಲಿ ‘ಮೆ’ ಮಾಡುತ್ತದೆ. ಅದನ್ನು ಬಿಟ್ಟರೆ ಯಾರದೋ ಬೆರಳನ್ನು ಕತ್ತರಿಸಿ ಬಂದವರಂತೆ ಕೇಳಿಸುತ್ತದೆ. ‘ಕೈ ಮುರ್ಕೊಂಡೆ’ಗೆ ‘ಮೆ ರೊಂಪಿ ಎಲ್ ಬ್ರಾಸೊ’. ಸ್ಪೇನ್‌ನಲ್ಲಾದರೆ ‘ಮೆ ಎ ರೋತೊ’ ಎಂದು ಶುರು ಮಾಡುವುದೇ ಹೆಚ್ಚು.

ಜ್ವರದಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ. ‘ನನಗೆ ಜ್ವರ’ ಅನ್ನುವಂತಿಲ್ಲ. ‘ತೆಂಗೊ ಫ್ಯೆಬ್ರೆ’, ನನ್ನ ಬಳಿ ಜ್ವರ ಇಟ್ಟುಕೊಂಡಿದ್ದೇನೆ ಅಂದ ಹಾಗೆ. ಕೆಮ್ಮಿಗೂ ‘ತೆಂಗೊ ತೋಸ್’. ಲೆಕ್ಕ ಸೆಲ್ಸಿಯಸ್‌ನಲ್ಲಿ: ನಮ್ಮ 102 ಡಿಗ್ರಿ ಅಲ್ಲಿ 38.9. ಸ್ಪೇನ್‌ನಲ್ಲಿ ರೋಗಿ ‘39’ ಎಂದರೆ ಜ್ವರ ಜೋರಾಗಿಯೇ ಇದೆ ಎಂದರ್ಥ. ಅದೇ ರೋಗಿ ‘ಕೊನ್ಸ್ತಿಪಾದೊ’ ಎಂದರೆ ಮಲಬದ್ಧತೆಯ ಮಾತ್ರೆ ಹುಡುಕಬೇಡಿ, ಅದು ನೆಗಡಿ. ಮಲಬದ್ಧತೆಯಾದವರು ‘ಎಸ್ತ್ರೆನ್ಯೀದೊ’.

ಪ್ರಶ್ನೆ: ‘ಮೈ ಉಷ್ಣ ಆಗಿದೆ’, ‘ಕಾಲು ಜುಮು ಹಿಡಿದಿದೆ’ – ಇವನ್ನು ಹೇಗೆ ಹೇಳುವುದು?
– ಓದುಗರು, ಚಿತ್ರದುರ್ಗ

ಉತ್ತರ: ಜುಮು ಹಿಡಿಯುವುದು ಸುಲಭ. ‘ಒರ್ಮೀಗಾ’ ಎಂದರೆ ಇರುವೆ. ‘ಒರ್ಮಿಗೇಯೊ’ ಎಂದರೆ ಇರುವೆ ಹರಿದಾಡಿದಂಥ ಜುಮುಜುಮು. ‘ತೆಂಗೊ ಒರ್ಮಿಗೇಯೊ ಎನ್ ಲಾ ಪ್ಯೆರ್ನಾ’ ಎಂದರೆ ಡಾಕ್ಟರಿಗೆ ತಿಳಿಯುತ್ತದೆ. ಬರವಣಿಗೆಯಲ್ಲಿ ಮೊದಲ ಅಕ್ಷರ ‘ಎಚ್’, ಅದನ್ನು ಉಚ್ಚರಿಸುವುದಿಲ್ಲ.

ಉಷ್ಣವನ್ನು ಪದಕ್ಕೆ ಪದ ಇಟ್ಟು ‘ಎಸ್ತೊಯ್ ಕಲ್ಯೆಂತೆ’ ಅಂದೀರಿ, ಜೋಕೆ! ಅದು ಕಾಮೋದ್ರೇಕದ ಮಾತು. ‘ತೆಂಗೊ ಕಲೋರ್’ ಎಂದರೆ ಸೆಕೆ ಅಷ್ಟೇ. ನಮ್ಮ ಉಷ್ಣದ ಕಲ್ಪನೆ ಅಲ್ಲಿನ ಡಾಕ್ಟರಿಗಿಲ್ಲ, ಹಾಗಾಗಿ ಲಕ್ಷಣ ಬಿಡಿಸಿ ಹೇಳಿ. ಉರಿಮೂತ್ರವಾದರೆ ‘ಮೆ ಆರ್ದೆ ಅಲ್ ಒರಿನಾರ್’, ಮೂರು ದಿನದಿಂದ ಇದ್ದರೆ ಕೊನೆಗೆ ‘ದೆಸ್ದೆ ಆಸೆ ತ್ರೆಸ್ ದೀಯಾಸ್’ ಸೇರಿಸಿ.