ಕುಲುಮೆ ಆರಿದ ಮೇಲೆ ಬೆತ್ಲೆಹೆಮ್

ಪ್ರಶ್ನೆ: ಅಮೆರಿಕದ ಬೆತ್ಲೆಹೆಮ್‌ಗೆ ಹೋಗಿ ಬಂದೆ ಅಂತ ಹಿಂದೊಮ್ಮೆ ಬರೆದಿದ್ದಿರಿ. ಅಲ್ಲಿ ಮುಚ್ಚಿಹೋದ ಉಕ್ಕಿನ ಕಾರ್ಖಾನೆಯ ಅಂಗಳದಲ್ಲೇ ಈಗ ಸಂಗೀತ ಕಾರ್ಯಕ್ರಮ ನಡೆಯುತ್ತವಂತೆ, ನಿಜವಾ? ಅಷ್ಟು ದೊಡ್ಡ ಕಾರ್ಖಾನೆ ಯಾಕೆ ಮುಚ್ಚಿತು? ಊರು ಚೇತರಿಸಿಕೊಂಡಿತಾ?

ಉತ್ತರ: ನಿಜ. ನಾನೇ ಕೂತು ಕೇಳಿದ್ದೇನೆ. ಮುಂದೆ ವೇದಿಕೆ, ಅದರ ಬೆನ್ನಿಗೆ ಸಾಲಾಗಿ ನಿಂತ ಐದು ಊದುಕುಲುಮೆಗಳು, ಅಂದರೆ ಬಿಸಿಗಾಳಿ ಊದಿ ಅದಿರಿನಿಂದ ಕಬ್ಬಿಣ ಕರಗಿಸುತ್ತಿದ್ದ ಕುಲುಮೆಗಳು. ಒಂದೊಂದೂ ಸುಮಾರು 70 ಮೀಟರ್ ಎತ್ತರ. ಮೈಯೆಲ್ಲ ತುಕ್ಕು. ಕತ್ತಲಾದ ಮೇಲೆ ಅವುಗಳ ಮೇಲೆ ಬಣ್ಣದ ಬೆಳಕು ಬಿಡುತ್ತಾರೆ. ಹಾಡು ಕೇಳುವುದು ಬಿಟ್ಟು ನನ್ನ ಕಣ್ಣು ಅತ್ತಲೇ ಹೋಗುತ್ತಿತ್ತು.

ಪೆನ್ಸಿಲ್ವೇನಿಯಾದ ಈ ಊರನ್ನು 1741ರಲ್ಲಿ ಕಟ್ಟಿದವರು ಮೊರೇವಿಯನ್ ಕ್ರೈಸ್ತರು. ಕ್ರಿಸ್‌ಮಸ್ ಹಿಂದಿನ ರಾತ್ರಿ ಇಟ್ಟ ಹೆಸರು ಬೆತ್ಲೆಹೆಮ್. ಕಬ್ಬಿಣದ ಕಂಪನಿ ಹುಟ್ಟಿದ್ದು 1857ರಲ್ಲಿ. ಮೊದಮೊದಲು ರೈಲು ಹಳಿ ಮಾಡುತ್ತಿದ್ದರು. 1904ರಲ್ಲಿ ಚಾರ್ಲ್ಸ್ ಶ್ವಾಬ್ ಎಂಬ ಉದ್ಯಮಿ ಅದನ್ನು ಬೆತ್ಲೆಹೆಮ್ ಸ್ಟೀಲ್ ಕಾರ್ಪೊರೇಷನ್ ಮಾಡಿದ. ಹೆನ್ರಿ ಗ್ರೇ ಅನ್ನುವವನ ವಿಧಾನ ಹಿಡಿದು ಅಗಲ ಅಂಚಿನ ತೊಲೆಗಳನ್ನು 1908ರಲ್ಲಿ ಇಲ್ಲಿ ತಯಾರಿಸಲು ಶುರು ಮಾಡಿದರು. ಅದಕ್ಕೆ ಮುಂಚೆ ದೊಡ್ಡ ತೊಲೆ ಬೇಕೆಂದರೆ ತಗಡು, ಪಟ್ಟಿಗಳನ್ನು ರಿವೆಟ್ ಹೊಡೆದು ಜೋಡಿಸಬೇಕಿತ್ತು. ಇಲ್ಲಿ ಇಡೀ ತೊಲೆ ಒಂದೇ ತುಂಡಾಗಿ ಹೊರಬರುತ್ತಿತ್ತು. ಅಮೆರಿಕದ ಗಗನಚುಂಬಿ ಕಟ್ಟಡಗಳು ಅಷ್ಟು ಎತ್ತರಕ್ಕೆ ಏರಿದ್ದರಲ್ಲಿ ಈ ತೊಲೆಯ ಪಾಲು ದೊಡ್ಡದು. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಉಕ್ಕೂ ಇದೇ ಕಂಪನಿಯದು.

ಮುಚ್ಚಿದ್ದಕ್ಕೆ ಕಾರಣ ಒಂದಲ್ಲ. ಹೊರದೇಶದ ಅಗ್ಗದ ಉಕ್ಕು ಬಂತು. ಗುಜರಿ ಕಬ್ಬಿಣವನ್ನು ಕರೆಂಟಿನಲ್ಲಿ ಕರಗಿಸುವ ಸಣ್ಣ ಕಾರ್ಖಾನೆಗಳು ಬಂದವು. ಅದಿರು, ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ), ಸುಣ್ಣದ ಕಲ್ಲು ಸುರಿದು ದಿನವಿಡೀ ಉರಿಸುವ ಹಳೆಯ ಕುಲುಮೆಯ ಉಕ್ಕನ್ನು ಆ ಬೆಲೆಗೆ ಮಾರಲು ಆಗಲಿಲ್ಲ. ಆಡಳಿತದವರು ಹೊಸ ಯಂತ್ರಗಳಿಗೆ ದುಡ್ಡು ಹಾಕುವುದನ್ನು ತಡ ಮಾಡಿದರು ಅನ್ನುವುದು ನನ್ನ ಅಭಿಪ್ರಾಯ. 1995ರ ನವೆಂಬರ್‌ನಲ್ಲಿ ಊರಿನ ಕೊನೆಯ ಕುಲುಮೆ ಆರಿತು. 2001ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. 2003ರಲ್ಲಿ ನಿವೃತ್ತರು, ಅವರ ಮನೆಯವರು ಸೇರಿ ಸುಮಾರು 95,000 ಜನರ ಆರೋಗ್ಯ ವಿಮೆ ಹೋಯಿತು. ಪಿಂಚಣಿಯನ್ನು ಸರ್ಕಾರದ ವಿಮಾ ನಿಗಮ ವಹಿಸಿಕೊಂಡಿತು, ಆದರೆ ಔಷಧಿಯ ಖರ್ಚು ಅವರವರ ತಲೆಗೇ ಬಂತು. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತವರಿಗೆ ಹೀಗಾಗಬಾರದಿತ್ತು. ಊರು ಚೆನ್ನಾಗಿದೆ ಅಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಊರು ಚೆನ್ನಾಗಿರುವುದಂತೂ ಹೌದು. ಕಾರ್ಖಾನೆಯ ಜಾಗದಲ್ಲಿ 2009ರಲ್ಲಿ ಕ್ಯಾಸಿನೊ ಬಂತು. ಜೂಜಿನ ಕಟ್ಟೆ ನನಗೆ ಇಷ್ಟವಿಲ್ಲ, ಆದರೆ ಆ ಪ್ರದೇಶದಿಂದ ಹೆಚ್ಚಾಗಿ ಬಂದ ತೆರಿಗೆಯ ಹಣವನ್ನು ಅಲ್ಲಿಗೇ ಹಾಕಿದ್ದರಿಂದ ಕೆಲಸ ಆಯಿತು. 2011ರಲ್ಲಿ ಸ್ಟೀಲ್‌ಸ್ಟ್ಯಾಕ್ಸ್ ಎಂಬ ಕಲಾ ಕೇಂದ್ರ ತೆರೆಯಿತು, 2016ರಲ್ಲಿ ಕೈಗಾರಿಕಾ ವಸ್ತುಸಂಗ್ರಹಾಲಯ. ಪೂರ್ವದ ಕಡೆ ದೊಡ್ಡ ದೊಡ್ಡ ಗೋದಾಮುಗಳಿವೆ. ಲೀಹೈ ವಿಶ್ವವಿದ್ಯಾಲಯ, ಆಸ್ಪತ್ರೆಗಳು ಮೊದಲಿಂದಲೂ ಇದ್ದವು. ನ್ಯೂಯಾರ್ಕ್ ಕೂಡ ದೂರವಿಲ್ಲ. ಇವು ಯಾವುವೂ ಇಲ್ಲದ ಊರು ಬರೀ ವೇದಿಕೆ ಕಟ್ಟಿ ಬದುಕುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಕುಲುಮೆಗಳನ್ನು ಕೆಡವದೇ ಉಳಿಸಿದ್ದು ನನ್ನ ಪ್ರಕಾರ ಅವರು ಮಾಡಿದ ಅತಿ ಒಳ್ಳೆ ಕೆಲಸ. ಕಂಪನಿಯ ಅಧಿಕಾರಿಗಳು ಕೂರುತ್ತಿದ್ದ 21 ಅಂತಸ್ತಿನ ಮಾರ್ಟಿನ್ ಟವರ್ ಅನ್ನು 2019ರಲ್ಲಿ ಸ್ಫೋಟಿಸಿ ಕೆಡವಿದರು. ಕೂಲಿಯವರು ಬೆವರು ಸುರಿಸಿದ ಕುಲುಮೆ ಮಾತ್ರ ಇನ್ನೂ ನಿಂತಿದೆ.

ಅದಿರು ತುಂಬಿದ ಬಂಡಿಗಳು ಕುಲುಮೆಯತ್ತ ಓಡುತ್ತಿದ್ದ ಎತ್ತರದ ಕಬ್ಬಿಣದ ಹಾದಿಯೊಂದಿದೆ, ಹೂವರ್-ಮೇಸನ್ ಟ್ರೆಸಲ್. 2015ರಿಂದ ಅದರ ಮೇಲೆ ನಡೆದಾಡಬಹುದು. ಉದ್ದ ಸುಮಾರು ಅರ್ಧ ಕಿಲೋಮೀಟರ್. ಹಳಿಗಳ ನಡುವೆ ಹುಲ್ಲು ಬೆಳೆದಿದೆ. ನಾನು ಹೋದಾಗ ವಯಸ್ಸಾದವರೊಬ್ಬರು ಮೊಮ್ಮಗಳನ್ನು ಕಂಬಿಯ ಹತ್ತಿರ ನಿಲ್ಲಿಸಿ, ಮೇಲಿನ ಒಂದು ಕೊಳವೆಯತ್ತ ಬೆರಳು ತೋರಿಸಿ ಏನೋ ಹೇಳುತ್ತಿದ್ದರು. ಎಷ್ಟೋ ಹೊತ್ತು ಹೇಳಿದರು, ಹುಡುಗಿ ಕದಲಲಿಲ್ಲ. ನೀವು ಆ ಕಡೆ ಹೋದರೆ ಹಾಡು ಶುರುವಾಗುವುದಕ್ಕೆ ಒಂದು ಗಂಟೆ ಮುಂಚೆ, ಬೆಳಕಿರುವಾಗಲೇ ಅಲ್ಲಿ ಒಮ್ಮೆ ನಡೆದು ಬನ್ನಿ.